ಮೈಬಣ್ಣದ ಬಾಟಲಿ

ಹುಡುಗ: ಅತ್ತೆ, ಬಿಡುವಾಗಿದ್ದೀರಾ? ನಿಮಗೊಂದು ತೋರಿಸ್ಬೇಕು ಅಂತ ಬೆಂಗಳೂರಿಂದ ತೊಡೆ ಮೇಲೆ ಇಟ್ಕೊಂಡೇ ತಂದಿದ್ದೀನಿ.

ಅತ್ತೆ: ಜಗಲಿಗೇ ಬಾ, ಒಳಗೆ ಬೆಳಕು ಸಾಲದು. ಓಹೋ, ಟ್ಯಾಂಕು! ಸೆಂಚುರಿಯನ್ ಅಲ್ವೇನೋ ಇದು?

ಹುಡುಗ: ಹೌದು, ಒಂದಕ್ಕೆ ಮೂವತ್ತೈದರ ಅಳತೆ. 1971ರ ಡಿಸೆಂಬರಲ್ಲಿ ಬಸಂತರ್ ಹೊಳೆ ಹತ್ತಿರ ಕಾದಾಡಿತಲ್ಲ ಪೂನಾ ಹಾರ್ಸ್, ಆ ಪಡೆಯ ಟ್ಯಾಂಕು. ನಾಲ್ಕು ತಿಂಗಳು ಹಿಡೀತು.

ಅತ್ತೆ: ಅಷ್ಟು ದಿನ ಕೂತಿರೋದು ಕಾಣ್ಸುತ್ತೆ. ಚೈನಿಗೆ ಮೆತ್ತಿರೋ ಕೆಸರು ಒಣಗಿದ ಕಡೆ ಬಿಳಚಿದೆ, ಹಸಿ ಇರೋ ಕಡೆ ಕಪ್ಪಗಿದೆ. ನಿಮ್ಮ ಮಾವ ಇದ್ದಿದ್ರೆ ಇದನ್ನ ಕೈಗೆ ತಗೊಂಡು ಅರ್ಧ ಗಂಟೆ ಕೆಳಗಿಡ್ತಿರಲಿಲ್ಲ. ಅದಿರಲಿ, ಮೇಲೆ ಮುಚ್ಚಳ ತೆಗೆದು ನಿಂತಿದ್ದಾನಲ್ಲ, ಇವನ್ಯಾರು?

ಹುಡುಗ: ಟ್ಯಾಂಕ್ ಕಮಾಂಡರ್. ನಾನು ಬಂದಿರೋದೇ ಇವನ ವಿಷಯಕ್ಕೆ. ಟ್ಯಾಂಕ್ ನೋಡಿ ಹೊಗಳೋರು ಇವನ ಮುಖ ಕಂಡ ಕೂಡಲೇ ಸುಮ್ಮನಾಗ್ಬಿಡ್ತಾರೆ.

ಅತ್ತೆ: ಎಲ್ಲೇ ಆಗಲಿ, ಮನುಷ್ಯನ ಮುಖ ಒಂದಿದ್ರೆ ನೋಡೋರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ. ಟ್ಯಾಂಕಿಗೆ ನಾಲ್ಕು ತಿಂಗಳು ಕೊಟ್ಟೆ. ಇವನಿಗೆಷ್ಟು ಕೊಟ್ಟೆ?

ಹುಡುಗ: ಒಂದು ಸಂಜೆ.

ಅತ್ತೆ: ಮುಖಕ್ಕೆ ಯಾವ ಬಣ್ಣ ಹಾಕ್ದೆ?

ಹುಡುಗ: ಎಲ್ಲರೂ ಹಾಕೋದೇ. ತಮಿಯಾದವರ 'ಫ್ಲಾಟ್ ಫ್ಲೆಶ್'. ಬಾಟಲಿ ಮೇಲೇ ಬರೆದಿದೆಯಲ್ಲ, ಮೈಬಣ್ಣ ಅಂತ. ಅದರ ಮೇಲೆ ಸ್ವಲ್ಪ ಕಂದು ಬಣ್ಣದ ನೀರು ಹರಿಸ್ದೆ.

ಅತ್ತೆ: ಯಾರ ಮೈಬಣ್ಣ?

ಹುಡುಗ: ಅಂದ್ರೆ?

ಅತ್ತೆ: ನಿನ್ನ ಕೈನ ಆ ಗೊಂಬೆ ಪಕ್ಕದಲ್ಲಿ ಇಟ್ಟು ನೋಡು. ಗಡಿಯ ಧೂಳಲ್ಲಿ, ಬಿಸಿಲಲ್ಲಿ ದಿನಗಟ್ಟಲೆ ಟ್ಯಾಂಕಿನ ಮೇಲೆ ನಿಂತ ನಮ್ಮ ಹುಡುಗ ಹೀಗೆ ಗುಲಾಬಿ ಗುಲಾಬಿ ಇರ್ತಾನಾ? ಆ ಬಾಟಲೀಲಿರೋದು ಯುರೋಪಿನವರ ಮೈಬಣ್ಣ ಕಣೋ. ಅಮೆರಿಕದಲ್ಲಿ ಕ್ರೆಯೋಲಾದವರು ಮಕ್ಕಳ ಬಳಪದಲ್ಲಿ ಇಂಥದೇ ಬಣ್ಣಕ್ಕೆ 'ಫ್ಲೆಶ್' ಅಂತ ಹೆಸರಿಟ್ಟಿದ್ರು. 1962ರಲ್ಲಿ ಅದನ್ನ 'ಪೀಚ್' ಅಂತ ಬದಲಾಯಿಸಿದ್ರು. ಮಾಡೆಲಿನ ಬಾಟಲಿ ಮೇಲೆ ಮಾತ್ರ ಹಳೇ ಹೆಸರು ಹಾಗೇ ಉಳ್ಕೊಂಡಿದೆ.

ಹುಡುಗ: ನನಗೆ ಅದು ಹೊಳೀಲೇ ಇಲ್ಲ. ಕಣ್ಣು ಸರಿ ಬಂದಿಲ್ಲ, ಅದಕ್ಕೇ ಹೀಗೆ ಕಾಣ್ತಿದೆ ಅಂದ್ಕೊಂಡಿದ್ದೆ.

ಅತ್ತೆ: ಕಣ್ಣೂ ಸರಿ ಬಂದಿಲ್ಲ. ಅದಕ್ಕೆ ಆಮೇಲೆ ಬರೋಣ. ಮೊದಲು ಆ ಗಾಜಿನ ಬೀರು ತೆಗಿ. ಎರಡನೇ ಹಲಗೆ ಮೇಲೆ ಕುದುರೆ ಸವಾರ ಇದ್ದಾನೆ, ತಗೊಂಡ್ಬಾ. ಪೀಠ ಹಿಡ್ಕೋ, ಗೊಂಬೆ ಮುಟ್ಟಬೇಡ. ಕೈಯ ಜಿಡ್ಡಿಗೆ ಬಣ್ಣ ಹೊಳಪು ಬಂದ್ಬಿಡುತ್ತೆ.

ಹುಡುಗ: ಇವನನ್ನ ಚಿಕ್ಕಂದಿನಿಂದ ನೋಡಿದ್ದೀನಿ. ಮಾವ ಮಾಡಿದ್ದು ಅಂತಲೇ ತಿಳ್ಕೊಂಡಿದ್ದೆ.

ಅತ್ತೆ: ಜೋಡಿಸಿದ್ದು ಅವರು. ಬಣ್ಣ ಪೂರ್ತಿ ನಂದು. ನಮ್ಮ ಮನೇಲಿ ಕೆಲಸ ಹಾಗೆ ಹಂಚಿಕೆ ಆಗಿತ್ತು: ವಿಮಾನ, ಟ್ಯಾಂಕು, ಲಾರಿ ಎಲ್ಲ ಅವರದು, ಜನ ಮತ್ತು ಪ್ರಾಣಿ ನಂದು. ನಾನು ಮೊದಲು ಬ್ರಷ್ ಹಿಡಿದದ್ದು ದಸರಾ ಗೊಂಬೆಗಳ ಮೇಲೆ. ನಮ್ಮಮ್ಮನ ಕಾಲದ ಮಣ್ಣಿನ ಶೆಟ್ಟಿ, ಶೆಟ್ಟಿತಿ ಬಣ್ಣ ಉದುರಿಸ್ಕೊಂಡು ಕೂತಿದ್ರು. ಪ್ರತಿ ವರ್ಷ ಪಟ್ಟದ ಗೊಂಬೆ ಇಡೋ ಮುಂಚೆ ಅವರಿಗೆ ಮೀಸೆ ಬರೀತಿದ್ದೆ, ಸೀರೆ ಅಂಚು ತಿದ್ದುತಿದ್ದೆ. ಆ ಕೈಗೆ ಇವರು ಒಂದು ದಿನ ಎರಡಿಂಚಿನ ಸಿಪಾಯೀನ ಕೊಟ್ರು.

ಹುಡುಗ: ಇವನು ಯಾವ ಪಡೆಯವನು?

ಅತ್ತೆ: ಮೈಸೂರು ಲ್ಯಾನ್ಸರ್ಸ್. ಹೈಫಾ, 23 ಸೆಪ್ಟೆಂಬರ್ 1918. ಭರ್ಜಿ, ಕತ್ತಿ ಹಿಡಿದ ಸವಾರರು ತುರ್ಕರ ಮಷೀನ್ ಗನ್ನುಗಳ ಮೇಲೆ ಹೋದ ದಿನ. ಜೋಧಪುರದವರು ಊರೊಳಕ್ಕೆ ನುಗ್ಗಿದ್ರು, ನಮ್ಮ ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳನ್ನ ಹಿಡೀತು. ಇಂಥ ಸವಾರನ ಕಿಟ್ ನಮಗೆಲ್ಲೂ ಸಿಗಲಿಲ್ಲ. 54 ಮಿಲಿಮೀಟರಿನ ಬ್ರಿಟಿಷ್ ಸವಾರ ಸಿಕ್ಕಿದ. ನಿಮ್ಮ ಮಾವ ಅವನ ಹೆಲ್ಮೆಟ್ ಕೊಯ್ದು ತೆಗೆದ್ರು. ರುಮಾಲು ಸುತ್ತೋದು ನನ್ನ ಪಾಲಿಗೆ ಬಂತು.

ಹುಡುಗ: ರುಮಾಲಿಗೆ ಏನು ಬಳಸಿದ್ರಿ? ಬಟ್ಟೆ ಥರಾನೇ ಇದೆ.

ಅತ್ತೆ: ಎಂ-ಸೀಲ್. ಪ್ಲಂಬರ್‌ಗಳು ನಲ್ಲಿಗೆ ಮೆತ್ತುತ್ತಾರಲ್ಲ, ಅದೇ. ಎರಡು ಉಂಡೆ ಸಮವಾಗಿ ನಾದಿ, ಪ್ಲಾಸ್ಟಿಕ್ ಹಾಳೆ ಮೇಲೆ ಟಾಲ್ಕಮ್ ಪೌಡರ್ ಉದುರಿಸಿ, ಪೆನ್ನಿನ ಕೊಳವೇಲಿ ಹಪ್ಪಳದ ಹಾಗೆ ತೆಳ್ಳಗೆ ಲಟ್ಟಿಸ್ದೆ. ಬ್ಲೇಡಲ್ಲಿ ಒಂದೆಳೆ ಅಗಲದ ಪಟ್ಟಿ ಕೊಯ್ದು, ತಲೆಗೆ ಒಂದೊಂದೇ ಸುತ್ತು ಸುತ್ತುತಾ, ಗಟ್ಟಿಯಾಗೋ ಮುಂಚೆ ಸೂಜಿ ಮೊನೇಲಿ ನಿರಿಗೆ ಎಳೆದೆ. ಮೂರು ಸಲ ಕೆಟ್ಟಿತು. ನಮ್ಮ ತಾತ ರುಮಾಲು ಸುತ್ತೋದನ್ನ ನೋಡಿದ್ದು ನೆನಪಾಯ್ತು. ಅವರು ಎಡದಿಂದ ಒಂದು ಸುತ್ತು ತಂದ್ರೆ ಮುಂದಿನದು ಅದರ ಮೇಲೆ ಓರೆಯಾಗಿ ಬೀಳ್ತಿತ್ತು. ಹಾಗೆ ಓರೆ ಮಾಡಿದ ಮೇಲೇ ಅದು ರುಮಾಲಾಗಿದ್ದು, ಅಲ್ಲೀವರೆಗೂ ಚಕ್ಕುಲಿ ಆಗ್ತಿತ್ತು.

ಹುಡುಗ: ಬಣ್ಣಕ್ಕೆ ಆಧಾರ ಏನು ಸಿಕ್ತು? 1918ರ ಫೋಟೋಗಳೆಲ್ಲ ಕಪ್ಪು ಬಿಳುಪು.

ಅತ್ತೆ: ಅಲ್ಲೇ ನೋಡು ನಾನು ಸಿಕ್ಕಿಹಾಕ್ಕೊಂಡಿದ್ದು. ದೆಹಲಿಯ ತೀನ್ ಮೂರ್ತಿ ನೋಡಿದ್ದೀಯಲ್ಲ? ಲಿಯೊನಾರ್ಡ್ ಜೆನ್ನಿಂಗ್ಸ್ ಅನ್ನೋ ಶಿಲ್ಪಿ ಮಾಡಿದ್ದು, 1922ರದು. ಮೂರು ಸಿಪಾಯಿಗಳು, ಹೈದರಾಬಾದ್, ಜೋಧಪುರ, ಮೈಸೂರು. ರುಮಾಲಿನ ಕಟ್ಟು, ಪಟ್ಟಿ, ಬೂಟು ಎಲ್ಲ ಅಲ್ಲಿದೆ. ಆದರೆ ಅದು ಕಂಚು. ಫೋಟೋದಲ್ಲಿ ಬೂದು, ವಿಗ್ರಹದಲ್ಲಿ ಕಂಚು. ಮೈಬಣ್ಣ ಎಲ್ಲೂ ಇಲ್ಲ. ಹಾಗಾಗಿ ನಾನೂ ನಿನ್ನ ಹಾಗೇ ಬಾಟಲಿ ತೆಗೆದೆ. ನಿಮ್ಮ ಮಾವ ಬಂದು ಭೂತಗನ್ನಡಿ ಹಿಡಿದು ನೋಡಿದ್ರು. ಚೆನ್ನಾಗಿಲ್ಲ ಅನ್ನಲಿಲ್ಲ. "ಇವನು ಯಾವ ಊರಿನೋನು?" ಅಂತ ಕೇಳಿದ್ರು, ಅಷ್ಟೇ. ಆ ರಾತ್ರೀನೇ ಅವನನ್ನ ಡೆಟಾಲಲ್ಲಿ ಮುಳುಗಿಸ್ದೆ.

ಹುಡುಗ: ಡೆಟಾಲಲ್ಲಾ?

ಅತ್ತೆ: ನಿನ್ನ ಕಮಾಂಡರನ್ನೂ ಈಗ ಅದರಲ್ಲೇ ಹಾಕೋದು. ನೀರು ಬೆರೆಸದ ಡೆಟಾಲಲ್ಲಿ ಒಂದು ರಾತ್ರಿ ನೆನೆದ್ರೆ ಅಕ್ರಿಲಿಕ್ ಬಣ್ಣ ಮೆತ್ತಗಾಗುತ್ತೆ, ಪ್ಲಾಸ್ಟಿಕ್ಕಿಗೆ ಏನೂ ಆಗಲ್ಲ. ಬೆಳಗ್ಗೆ ಗ್ಲೌಸ್ ಹಾಕ್ಕೊಂಡು ಹಳೇ ಟೂತ್‌ಬ್ರಷ್ಷಲ್ಲಿ ಉಜ್ಜು. ಉಜ್ಜುವಾಗಲೂ ಡೆಟಾಲಲ್ಲೇ ಅದ್ದಬೇಕು. ತಟ್ಟನೆ ನಲ್ಲಿ ನೀರಿಗೆ ಹಿಡಿದ್ರೆ ಬಿಟ್ಟ ಬಣ್ಣ ಅಂಟಾಗಿ ಮತ್ತೆ ಅಲ್ಲೇ ಕೂತ್ಕೊಳ್ಳುತ್ತೆ. ಬಣ್ಣ ಪೂರಾ ಹೋದ ಮೇಲೆ ಪಾತ್ರೆ ತೊಳೆಯೋ ಸೋಪಿನ ನೀರು. ಅಲ್ಲಿತನಕ ಅಭ್ಯಾಸಕ್ಕೆ ನನ್ನ ಹತ್ತಿರ ಪ್ರೈಮರ್ ಹೊಡೆದಿಟ್ಟ ತಲೆಗಳಿವೆ. ಒಂದನ್ನ ತಂತಿಗೆ ಚುಚ್ಚಿ, ತಂತೀನ ಈ ಮಾತ್ರೆ ಶೀಷೆ ಮುಚ್ಚಳಕ್ಕೆ ಸಿಕ್ಕಿಸ್ತೀನಿ. ಶೀಷೆ ಹಿಡ್ಕೊಂಡು ಕೂತ್ರೆ ಗೊಂಬೆ ಮುಟ್ಟೋ ಪ್ರಮೇಯಾನೇ ಬರಲ್ಲ.

ಹುಡುಗ: ಇದು ಮೇಲೆಲ್ಲ ಬೆಳ್ಳಗಿದೆ, ಗದ್ದದ ಕೆಳಗೆ ಕಪ್ಪಗಿದೆ. ಪ್ರೈಮರ್ ಸರಿಯಾಗಿ ಕೂತಿಲ್ವಾ?

ಅತ್ತೆ: ಬೇಕಂತಲೇ ಹಾಗೆ ಹೊಡೆದಿರೋದು. ಮೊದಲು ಸುತ್ತಲೂ ಕಪ್ಪು. ಅದು ಒಣಗಿದ ಮೇಲೆ ನೇರ ನೆತ್ತಿಯಿಂದ ಬಿಳಿ. ನಡುಮಧ್ಯಾಹ್ನದ ಸೂರ್ಯನ ಬೆಳಕು ಎಲ್ಲಿ ಬೀಳುತ್ತೋ ಅಲ್ಲಿ ಮಾತ್ರ ಬಿಳಿ ಕೂತಿದೆ. ಬಣ್ಣ ಹಾಕುವಾಗ ನಿನಗೆ ನಕ್ಷೆ ಸಿಕ್ಕಿದ ಹಾಗೆ. ಒಂದು ಮಾತು, ಮಳೆಗಾಲದಲ್ಲಿ ಸ್ಪ್ರೇ ಹೊಡೀಬೇಡ. ಗಾಳೀಲಿ ತೇವ ಇದ್ರೆ ಪ್ರೈಮರ್ ರವೆ ರವೆಯಾಗಿ ಕೂರುತ್ತೆ.

ಹುಡುಗ: ನೆರಳು ತಾನಾಗೇ ಬೀಳಲ್ವಾ ಅತ್ತೆ? ಗೊಂಬೆಗೆ ಮೂಗು ಇದೆ, ಮೇಲೆ ದೀಪ ಇದೆ. ನಾವು ಯಾಕೆ ನೆರಳನ್ನ ಬರೀಬೇಕು?

ಅತ್ತೆ: ಈ ಪ್ರಶ್ನೆ ಕೇಳ್ದೆಯಲ್ಲ, ನಿನಗೆ ಕಲಿಸಬಹುದು. ನೋಡು, ಮನುಷ್ಯನ್ನ ಮೂವತ್ತೈದು ಪಟ್ಟು ಕುಗ್ಗಿಸಿದ್ದೀವಿ. ಬೆಳಕನ್ನ ಕುಗ್ಗಿಸೋಕಾಗಲ್ಲ. ನಿನ್ನ ಅಂಗಿಯ ಮಡಿಕೆ ಎರಡು ಸೆಂಟಿಮೀಟರ್ ಆಳ ಇದ್ರೆ ಅದರೊಳಗೆ ಕತ್ತಲೆ ನಿಲ್ಲುತ್ತೆ. ಗೊಂಬೇಲಿ ಅದೇ ಮಡಿಕೆ ಅರ್ಧ ಮಿಲಿಮೀಟರಿಗೆ ಸ್ವಲ್ಪ ಜಾಸ್ತಿ. ಈ ಕಿಟಕಿ ಬೆಳಕು, ಆ ಗೋಡೆಯಿಂದ ತಿರುಗಿ ಬರೋ ಬೆಳಕು, ಎಲ್ಲ ಸೇರಿ ಅಷ್ಟು ಸಣ್ಣ ಗುಳೀನ ತುಂಬಿಬಿಡುತ್ತೆ. ಆಮೇಲೆ ದೂರದ ಲೆಕ್ಕ ಹಾಕು. ನೀನು ಇದನ್ನ ಒಂದಡಿ ದೂರದಿಂದ ನೋಡ್ತೀಯ. ಒಂದಡಿ ಅಂದ್ರೆ ಅವನ ಲೋಕದಲ್ಲಿ ಮೂವತ್ತೈದಡಿ. ಆ ಹಾಲಿನಂಗಡಿ ಮುಂದೆ ನಿಂತಿದ್ದಾರಲ್ಲ, ಸುಮಾರು ಅಷ್ಟು ದೂರ. ಅವರ ಮುಖದಲ್ಲಿ ಏನೇನು ಕಾಣುತ್ತೆ ಹೇಳು, ನಿನಗೆ ಗೊತ್ತಿರೋದು ಬೇಡ, ಕಾಣೋದು ಮಾತ್ರ.

ಹುಡುಗ: ಹುಬ್ಬಿನ ಕೆಳಗೆ ಎರಡು ಕಪ್ಪು ಗೆರೆ. ಮೂಗಿನ ಕೆಳಗೆ ನೆರಳು, ಅದೂ ಮೀಸೆಯೂ ಸೇರ್ಕೊಂಡಿದೆ. ಹಣೆ, ಕೆನ್ನೆಯ ಮೂಳೆ ಹೊಳೀತಿದೆ. ಕೆಳದುಟಿ ಕೆಳಗೆ ಒಂದು ನೆರಳು.

ಅತ್ತೆ: ಕಣ್ಣಿನ ಬಿಳಿ?

ಹುಡುಗ: ಕಾಣ್ತಿಲ್ಲ.

ಅತ್ತೆ: ನಿನ್ನ ಕಮಾಂಡರಿಗೆ ಬಿಳೀ ಬಟ್ಟಲಲ್ಲಿ ಕರೀ ಚುಕ್ಕೆ ಇಟ್ಟಿದ್ದೀಯ. ಅದಕ್ಕೇ ಅವನು ಏನೋ ಕಂಡು ಬೆಚ್ಚಿಬಿದ್ದ ಹಾಗಿದ್ದಾನೆ.

ಹುಡುಗ: ಹಾಗಾದ್ರೆ ಕಣ್ಣು ಬರೀಲೇಬಾರದಾ?

ಅತ್ತೆ: ಒಂದಕ್ಕೆ ಎಪ್ಪತ್ತೆರಡರ ಗೊಂಬೆ ಆದ್ರೆ ಬೇಡವೇ ಬೇಡ. ಅವನೇ ಒಂದಿಂಚು ಉದ್ದ ಇರಲ್ಲ, ಹುಬ್ಬಿನ ಕೆಳಗೆ ಒಂದು ಕಂದು ಗೆರೆ ಸಾಕು. ಮೂವತ್ತೈದರಲ್ಲಿ ಬರೀಬಹುದು, ಆದರೆ ಎಷ್ಟು ಜಾಗ ಇದೆ ಅಂತ ತಿಳ್ಕೊಂಡು ಬರೀಬೇಕು. ತಲೆ ಆರೂವರೆ ಮಿಲಿಮೀಟರ್, ಒಂದು ಕಡಲೆಕಾಳು. ಇಡೀ ಕಣ್ಣು ಒಂದು ಗಸಗಸೆ ಕಾಳಿಗಿಂತ ದೊಡ್ಡದಲ್ಲ. ಕರಿಗುಡ್ಡೆ ಆ ಗಸಗಸೇಲಿ ಮೂರನೇ ಒಂದು ಪಾಲು. ಅಲ್ಲಿ ಗುಂಡನೆ ಚುಕ್ಕೆ ಇಡೋಕೆ ಹೋಗ್ಬೇಡ. ಮೊದಲು ಕಣ್ಣಿನ ಗುಳಿಗೆ ಕಡು ಕಂದು. ಅದರೊಳಗೆ ಅಡ್ಡಕ್ಕೆ ಒಂದು ಸಣ್ಣ ಗೆರೆ, ಬಿಳೀದಲ್ಲ, ಬಿಳಿಗೆ ಕಂದು ಬೆರೆಸಿದ್ದು, ಹಳೇ ಮೂಳೆ ಬಣ್ಣದ್ದು. ಆಮೇಲೆ ಮೇಲಿನ ರೆಪ್ಪೆಯಿಂದ ಕೆಳಗಿನ ರೆಪ್ಪೆಗೆ ನೆಟ್ಟಗೆ ಒಂದು ಕಡ್ಡಿ ಎಳಿ. ಕಡ್ಡಿಯ ಎರಡೂ ತುದಿ ರೆಪ್ಪೆಗೆ ತಾಗಿದ್ರೆ ಅವನು ಸಮಾಧಾನದಿಂದ ನೋಡ್ತಾನೆ. ತಾಗದೆ ನಡುವೆ ತೇಲಿದ್ರೆ ಬೆಚ್ಚಿಬೀಳ್ತಾನೆ.

ಹುಡುಗ: ಎರಡು ಕಣ್ಣೂ ಒಂದೇ ಕಡೆ ನೋಡೋ ಹಾಗೆ ಮಾಡೋದೇ ನನಗೆ ಆಗಲ್ಲ.

ಅತ್ತೆ: ನೇರ ಎದುರಿಗೆ ನೋಡಿಸ್ಬೇಡ, ಅದು ಬಲು ಕಷ್ಟ. ಸ್ವಲ್ಪ ಪಕ್ಕಕ್ಕೆ ನೋಡಲಿ. ನೀನು ಬಲಗೈಯವನು, ಅವನ ಯಾವ ಕಣ್ಣು ನಿನ್ನ ಕೈಗೆ ಕಷ್ಟವೋ ಅದನ್ನ ಮೊದಲು ಬರಿ. ಸುಲಭದ್ದನ್ನ ಆಮೇಲೆ ಅದಕ್ಕೆ ಹೊಂದಿಸಬಹುದು. ತಪ್ಪಿದ್ರೆ ಸುತ್ತಲಿನ ಮೈಬಣ್ಣದಲ್ಲಿ ಕತ್ತರಿಸಿ ಸರಿ ಮಾಡ್ಕೋಬಹುದು. ಅದಕ್ಕೇ ಕಣ್ಣು ಮೊದಲು, ಮುಖ ಆಮೇಲೆ.

ಹುಡುಗ: ಗಣಪತಿ ಮಾಡೋರು ಕಣ್ಣನ್ನ ಕೊನೇಗಲ್ವಾ ಬರೆಯೋದು?

ಅತ್ತೆ: ಹೌದು, ಅಲ್ಲಿ ಕಣ್ಣು ಬರೆದ್ರೆ ದೇವರು ಬಂದ ಹಾಗೆ, ಆಮೇಲೆ ಮುಟ್ಟೋ ಹಾಗಿಲ್ಲ. ನನಗೂ ಅದೇ ರೂಢಿ ಆಗಿತ್ತು. ಗೊಂಬೆ ಪೂರ್ತಿ ಮುಗಿಸಿ, ಸ್ನಾನ ಮಾಡಿ ಬಂದು ಕಣ್ಣು ಬರೀತಿದ್ದೆ. ಕೈ ನಡುಗಿ ಮುಗಿದ ಮುಖ ಹಾಳಾಗ್ತಿತ್ತು. ಆ ರೂಢಿ ಬಿಡೋಕೆ ನನಗೆ ಎರಡು ವರ್ಷ ಬೇಕಾಯ್ತು. ಹ್ಞಾಂ, ನಿನ್ನ ಬ್ರಷ್ ಯಾವುದು ತೋರ್ಸು.

ಹುಡುಗ: ಮೂರು ಸೊನ್ನೆ. ಅಂಗಡೀಲಿ ಇದಕ್ಕಿಂತ ಸಣ್ಣದಿರಲಿಲ್ಲ.

ಅತ್ತೆ: ಎತ್ತಿಡು. ಎಲ್ಲರೂ ಮಾಡೋ ತಪ್ಪು ಇದು, ಸಣ್ಣ ಕೆಲಸ ಅಂದ್ರೆ ಸಣ್ಣ ಬ್ರಷ್ ಅನ್ನೋದು. ಇದರ ಹೊಟ್ಟೇಲಿ ಬಣ್ಣವೇ ನಿಲ್ಲಲ್ಲ. ತಟ್ಟೆಯಿಂದ ಮುಖಕ್ಕೆ ಬರೋದ್ರೊಳಗೆ ಮೊನೇಲಿ ಒಣಗಿರುತ್ತೆ, ಅದಕ್ಕೇ ನಿನ್ನ ಗೆರೆ ಹರಕು ಹರಕು. ಒಂದನೇ ನಂಬರಿಂದು ತಗೋ, ಹೊಟ್ಟೆ ದಪ್ಪ ಇರಲಿ, ಮೊನೆ ಮಾತ್ರ ಒಂದೇ ಕೂದಲಿಗೆ ಬರಬೇಕು. ಪರದೇಶದವರು ಕೊಲಿನ್‌ಸ್ಕಿ ಅನ್ನೋದನ್ನ ಮೆಚ್ಚುತ್ತಾರೆ, ಸೈಬೀರಿಯಾದ ಒಂದು ಜಾತಿಯ ವೀಸಲ್ ಪ್ರಾಣಿಯ ಬಾಲದ ಕೂದಲು. ನಮ್ಮ ಹಳೇ ಮೈಸೂರು ಚಿತ್ರಗಾರರು ಅಳಿಲಿನ ಕೂದಲು ಬಳಸ್ತಿದ್ರು. ನಾನೀಗ ಸಿಂಥೆಟಿಕ್ಕೇ ಇಟ್ಕೊಂಡಿದ್ದೀನಿ, ಮೊನೆ ಬಾಗಿದ ಕೂಡಲೇ ಅದನ್ನ ಅಂಟು ಹಚ್ಚೋಕೆ ಇಳಿಸ್ತೀನಿ. ಒಂದು ವಿಷಯ ಚೆನ್ನಾಗಿ ನೆನಪಿಟ್ಕೋ: ಯಾರಾದ್ರೂ ಮುಂಗುಸಿ ಕೂದಲಿನ ಬ್ರಷ್ ತೋರಿಸಿದ್ರೆ ಕೊಳ್ಳಬೇಡ. ಮುಂಗುಸಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಅದರ ಕೂದಲು ಮಾರೋದೂ ಕೊಳ್ಳೋದೂ ಅಪರಾಧ. ಒಂದು ಹಿಡಿ ಬ್ರಷ್ಷಿಗೆ ಎಷ್ಟು ಪ್ರಾಣಿ ಸಾಯಬೇಕು ಯೋಚನೆ ಮಾಡು. ಗೊಂಬೆಯ ಮೀಸೆಗೋಸ್ಕರ ಅದು ಬೇಡ.

ಹುಡುಗ: ಬ್ರಷ್ ಮೊನೆ ಮಾಡೋಕೆ ತುಟೀಲಿ ಒತ್ತಬಹುದಾ?

ಅತ್ತೆ: ನಾನು ಮಾಡ್ತಿದ್ದೆ, ನೀನು ಮಾಡ್ಬೇಡ. ಕೆಲವು ಹಳದಿ, ಕೆಂಪು ಬಣ್ಣದಲ್ಲಿ ಕ್ಯಾಡ್ಮಿಯಂ ಇರುತ್ತೆ. ಒದ್ದೆ ಟಿಶ್ಯೂ ಮೇಲೆ ಬ್ರಷ್ ಹೊರಳಿಸಿದ್ರೆ ಅದೇ ಮೊನೆ ಬರುತ್ತೆ. ಬಣ್ಣ ಕೂದಲಿನ ಅರ್ಧಕ್ಕಿಂತ ಮೇಲೆ ಏರಬಾರದು, ತಗಡಿನ ಬುಡಕ್ಕೆ ಹೋದ್ರೆ ಮುಗೀತು. ಬಣ್ಣದ ತಟ್ಟೆಗೆ ಏನು ಮಾಡ್ತೀಯ?

ಹುಡುಗ: ಪ್ಲಾಸ್ಟಿಕ್ ಮುಚ್ಚಳ. ಹತ್ತು ನಿಮಿಷಕ್ಕೆ ಒಣಗಿಹೋಗುತ್ತೆ.

ಅತ್ತೆ: ಊಟದ ಡಬ್ಬೀಲಿ ಟಿಶ್ಯೂ ಮಡಿಸಿ ಇಡು, ನೀರು ಹಾಕು, ಮೇಲೆ ಬೇಕರಿಯವರ ಬೇಕಿಂಗ್ ಪೇಪರ್ ಹಾಸು. ಬಣ್ಣ ಆ ಕಾಗದದ ಮೇಲೆ. ಕೆಳಗಿಂದ ತೇವ ಏರ್ತಾ ಇರುತ್ತೆ, ಏಪ್ರಿಲ್ ತಿಂಗಳ ಬಿಸಿಲಲ್ಲೂ ಮಧ್ಯಾಹ್ನ ಪೂರ್ತಿ ಒಣಗಲ್ಲ. ಬಣ್ಣ ಎಷ್ಟು ತೆಳ್ಳಗಿರಬೇಕು ಅಂತ ಕೇಳಿದ್ರೆ ಹಾಲಿನಷ್ಟು. ಕಾಯಿಸಿ ಕೆನೆ ಕಟ್ಟಿದ ಹಾಲಲ್ಲ, ಹಸೀ ಹಾಲು. ಹೆಬ್ಬೆರಳಿನ ಉಗುರಿನ ಮೇಲೆ ಒಂದು ಗೆರೆ ಎಳೆದು ನೋಡ್ಕೋ. ಹರಡಿದ್ರೆ ನೀರು ಜಾಸ್ತಿ, ಎಳೆ ಎಳೆಯಾದ್ರೆ ಬಣ್ಣ ಜಾಸ್ತಿ. ಒಂದೇ ಸಲ ಮುಚ್ಚಬೇಕು ಅನ್ನೋ ಆಸೆ ಬಿಡು. ಎರಡು ಮೂರು ತೆಳುವಾದ ಕೋಟ್ ಹಾಕಿದ್ರೆ ಮೂಗು ಮೂಗಾಗೇ ಉಳಿಯುತ್ತೆ. ಸರಿ, ಈಗ ಮೈಬಣ್ಣ ಬೆರೆಸೋಣ.

ಹುಡುಗ: 'ಫ್ಲೆಶ್' ಬಾಟಲಿಗೆ ಕಂದು ಸೇರಿಸೋಣ್ವಾ?

ಅತ್ತೆ: ಅದರಿಂದ ಶುರು ಮಾಡಿದ್ರೆ ಎಷ್ಟು ಕಂದು ಸುರಿದ್ರೂ ಬಿಸಿಲಿಗೆ ಸುಟ್ಟ ಯುರೋಪಿನವನೇ ಆಗ್ತಾನೆ. ಕೆಳಗಿಂದ ಬೇರೆ ಶುರು ಮಾಡ್ಬೇಕು. ಬರ್ಂಟ್ ಅಂಬರ್, ಅದಕ್ಕೆ ಯೆಲ್ಲೋ ಓಕರ್, ಒಂದು ಚೂರು ಬರ್ಂಟ್ ಸಿಯೆನ್ನಾ. ಬೆರೆಸಿದ ಮೇಲೆ ನಿನ್ನ ಮೊಣಕೈ ಹತ್ತಿರ ಒಂದು ಚುಕ್ಕೆ ಇಟ್ಟು ನೋಡು. ಮಾಯವಾಯ್ತಾ?

ಹುಡುಗ: ಸ್ವಲ್ಪ ಹಳದಿ ಅನ್ಸುತ್ತೆ.

ಅತ್ತೆ: ಸಿಯೆನ್ನಾ ಇನ್ನೊಂದು ಚೂರು. ಹ್ಞಾಂ, ಈಗ ಹುಡುಕಿದ್ರೂ ಸಿಗಲ್ಲ. ಇದು ನಡುವಿನ ಬಣ್ಣ. ನೆರಳಿಗೆ ಇದಕ್ಕೆ ಕಪ್ಪು ಹಾಕ್ಬೇಡ, ಮಸಿ ಮೆತ್ತಿದ ಹಾಗಾಗುತ್ತೆ. ಅಂಬರಿಗೆ ಅಲ್ಟ್ರಾಮರೀನ್ ನೀಲಿ ಹಾಕು. ಕಪ್ಪು ಮೈಯವರ ಕತ್ತಿನ ನೆರಳಲ್ಲಿ ನೀಲಿ ಇರುತ್ತೆ, ಕೃಷ್ಣನ್ನ ನೀಲಿ ಬರೆದೋರು ಸುಮ್ಮನೆ ಬರೆದಿಲ್ಲ. ಇನ್ನು ಬೆಳಕು. ಇಲ್ಲೇ ಎಲ್ಲರೂ ಎಡವೋದು.

ಹುಡುಗ: ಬೆಳಕಿಗೆ ಬಿಳಿ ಬೆರೆಸೋದು ತಾನೆ?

ಅತ್ತೆ: ಬೆರೆಸಿ ಆ ಹಳೇ ತಲೆ ಮೇಲೆ ಹಚ್ಚಿ ನೋಡು.

ಹುಡುಗ: ಬೂದಿ ಬಳ್ಕೊಂಡ ಹಾಗಾಯ್ತು.

ಅತ್ತೆ: ಗೌರವರ್ಣದ ಗೊಂಬೆಗೆ ಬಿಳಿ ನಡೆಯುತ್ತೆ, ನಮ್ಮ ಮೈಗೆ ಅದು ಬೂದಿ. ನಮ್ಮಲ್ಲಿ ಬೆಳಕು ಬಿದ್ದ ಜಾಗ ಬಿಳಿಯಾಗಲ್ಲ, ಕಾಯುತ್ತೆ. ಜೇನುತುಪ್ಪದ ಕಡೆಗೆ ತಿರುಗುತ್ತೆ. ಓಕರ್ ಜೊತೆ ಒಂದು ಚೂರು ಕಿತ್ತಳೆ. ಕೆನ್ನೆಮೂಳೆ, ಮೂಗಿನ ದಿಂಡು, ಹಣೆಯ ಎರಡು ಕಡೆ, ಕೆಳದುಟಿ, ಗದ್ದದ ತುದಿ. ಕಡೇಲಿ ಒಂದೇ ಒಂದು ಚುಕ್ಕೆ ತಿಳೀ ಬಣ್ಣ, ಬೆವರು ಹೊಳೆಯೋ ಕಡೆ. ತುಟಿಗೆ ಕೆಂಪು ಬೇಡ, ನೇರಳೆ ಹಣ್ಣಿನ ಕಂದು. ಈ ಸವಾರನ ಮುಖಕ್ಕೆ ನಾನು ಎಷ್ಟು ಜನರನ್ನ ನೋಡಿದ್ದೀನಿ ಗೊತ್ತಾ? ನಮ್ಮ ಹಾಲಿನವರನ್ನ, ದೇವರಾಜ ಮಾರ್ಕೆಟ್ಟಿನ ಬಾಳೆಲೆ ಅಂಗಡಿಯವರನ್ನ, ದಸರಾ ತಾಲೀಮಿಗೆ ಬರೋ ಅಶ್ವಾರೋಹಿ ಪೊಲೀಸರನ್ನ. ಅವರು ಬೆಳಗ್ಗೆ ಹತ್ತು ಗಂಟೆ ಬಿಸಿಲಲ್ಲಿ ಕುದುರೆ ಮೇಲೆ ಕೂತಾಗ ರುಮಾಲಿನ ನೆರಳು ಹಣೆ ಅರ್ಧಕ್ಕೆ ಬೀಳುತ್ತೆ. ಅದನ್ನ ನೋಡಿದ ಮೇಲೆ ಇವನ ಹಣೆ ಮೇಲಿನ ಆ ಕಡು ಪಟ್ಟಿ ಬರೆದೆ.

ಹುಡುಗ: ಖಾಕಿ ಮಾತ್ರ ಒಂದೇ ಬಣ್ಣ ಅಲ್ವಾ? ಇಲ್ಲಿ ಅಂಗಿ ಒಂದು ಥರ ಇದೆ, ಪಟ್ಟಿ ಇನ್ನೊಂದು ಥರ.

ಅತ್ತೆ: ಖಾಕ್ ಅಂದ್ರೆ ಧೂಳು. ಧೂಳಿಗೆ ಒಂದೇ ಬಣ್ಣ ಎಲ್ಲಿರುತ್ತೆ? ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೇಲೂ ಖಾಕಿ ಬಣ್ಣ ಹಾಕಿ ಬಟ್ಟೆ ಮಾಡ್ತಿದ್ರು, ಜಾನ್ ಹಾಲರ್ ಅನ್ನೋರ ಹೆಸರು ಅದರ ಜೊತೆ ಹೇಳ್ತಾರೆ. ಹತ್ತಿ ಬಟ್ಟೆ ಒಗೆದಷ್ಟೂ ಬಿಳಚುತ್ತೆ, ಕಾಲಿಗೆ ಸುತ್ತೋ ಉಣ್ಣೆ ಪಟ್ಟಿ ಅಷ್ಟು ಬೇಗ ಬಿಳಚಲ್ಲ. ಭುಜದ ಮೇಲೆ ಬಿಸಿಲಿಗೆ ಮಾಸಿರುತ್ತೆ, ಪಟ್ಟಿ ಕೆಳಗೆ ಹೊಸದಾಗೇ ಇರುತ್ತೆ. ಒಂದೇ ಬಾಟಲೀಲಿ ಅಂಗಿ, ಚಡ್ಡಿ, ಚೀಲ ಎಲ್ಲ ಬಳಿದ್ರೆ ಅದು ಬಟ್ಟೆ ಅನ್ನಿಸಲ್ಲ, ಗೊಂಬೆ ಅಚ್ಚಲ್ಲೇ ಬಂದಿದ್ದು ಅನ್ಸುತ್ತೆ.

ಹುಡುಗ: ಅಕ್ರಿಲಿಕ್ಕಲ್ಲಿ ನನಗೆ ಈ ಬಣ್ಣದಿಂದ ಆ ಬಣ್ಣಕ್ಕೆ ಹೋಗೋದು ಮೆಟ್ಟಿಲು ಮೆಟ್ಟಿಲಾಗಿ ಕಾಣ್ತಿದೆ. ಡ್ರೈ ಬ್ರಷ್ ಮಾಡ್ಲಾ, ಬಣ್ಣ ಒರೆಸಿದ ಬ್ರಷ್ಷನ್ನ ಉಬ್ಬಿನ ಮೇಲೆ ಉಜ್ಜೋದು?

ಅತ್ತೆ: ಮುಖಕ್ಕೆ ಡ್ರೈ ಬ್ರಷ್ ಬೇಡ. ಬೆಲ್ಜಿಯಂನ ಮಾಡೆಲ್ ಕಲಾವಿದ ವರ್ಲಿಂಡನ್ ಅದನ್ನ ಲೋಕಕ್ಕೆಲ್ಲ ಹಬ್ಬಿಸಿದ್ರು, ಟ್ಯಾಂಕಿನ ಚೈನಿಗೆ, ಮರದ ತೊಗಟೆಗೆ, ಕುದುರೆಯ ಜೂಲಿಗೆ ಅದರಷ್ಟು ಒಳ್ಳೇದು ಇನ್ನೊಂದಿಲ್ಲ. ಮುಖದ ಮೇಲೆ ಉಜ್ಜಿದ್ರೆ ಸುಣ್ಣದ ಪುಡಿ. ನಿಮ್ಮ ಮಾವನ ಹತ್ತಿರ ಅಮೆರಿಕದ ಶೆಪರ್ಡ್ ಪೇನ್ ಬರೆದ ಪುಸ್ತಕ ಇತ್ತು, 'ಹೌ ಟು ಬಿಲ್ಡ್ ಡಯೊರಾಮಾಸ್', 1980ರದು. ಆ ಮನುಷ್ಯನ ಕೆಲಸ ನೋಡಿ ಎಣ್ಣೆ ಬಣ್ಣಕ್ಕೆ ಬಂದೆ. ಕೆಳಗೆ ಅಕ್ರಿಲಿಕ್ ಒಂದೇ ಸಮ ಹಚ್ಚಿ ಒಣಗಿಸು. ಅದರ ಮೇಲೆ ಎಣ್ಣೆ ಬಣ್ಣ. ಕ್ಯಾಮೆಲ್ ಟ್ಯೂಬ್ ಸಾಕು, ಆದರೆ ನೇರ ಹಚ್ಚಿದ್ರೆ ಹೊಳೆಯುತ್ತೆ. ಹಿಂದಿನ ರಾತ್ರೀನೇ ರಟ್ಟಿನ ತುಂಡಿನ ಮೇಲೆ ಕಾಳಿನಷ್ಟು ಹಿಂಡಿಡು. ರಟ್ಟು ಎಣ್ಣೆ ಕುಡಿಯುತ್ತೆ, ಬೆಳಗ್ಗೆ ಬಣ್ಣ ಮಾತ್ರ ಉಳಿದಿರುತ್ತೆ. ಅದೋ ಅಲ್ಲಿದೆ, ನಿನ್ನೆಯೇ ಹಿಂಡಿದ್ದೆ. ನೀನು ಬರ್ತೀನಿ ಅಂದಾಗಲೇ ಗೊಂಬೆ ವಿಷಯವೇ ಇರಬೇಕು ಅನ್ನಿಸ್ತು.

ಹುಡುಗ: ಹಚ್ಚೋದು ಹೇಗೆ?

ಅತ್ತೆ: ನೆರಳನ್ನ ನೆರಳಿನ ಜಾಗದಲ್ಲಿ ಸೂಜಿ ಮೊನೆಯಷ್ಟು ಇಡು. ಬೆಳಕನ್ನ ಬೆಳಕಿನ ಜಾಗದಲ್ಲಿ ಇಡು. ಈಗ ಮುಖ ನೋಡೋಕೆ ಭಯ ಆಗುತ್ತೆ, ಆಗಲಿ. ಬ್ರಷ್ ಒರೆಸಿ, ಒಣ ಬ್ರಷ್ಷಲ್ಲಿ ಎರಡೂ ಸೇರೋ ಗಡೀನ ಮಾತ್ರ ತಟ್ಟು. ಬಳೀಬೇಡ, ತಟ್ಟು. ಎರಡೂ ಮಣಿಕಟ್ಟು ಜೋಡಿಸಿ ಮೇಜಿಗೆ ಊರು, ಉಸಿರು ಬಿಡುವಾಗ ತಟ್ಟು. ಕೆನ್ನೆ ಕಡೆ ಸಾಕು. ಮೂಗಿನ ಪಕ್ಕದ ಗೆರೆ ಅಳಿಸ್ಬೇಡ, ಅಲ್ಲಿ ಗಟ್ಟಿಯಾಗೇ ಇರಬೇಕು. ಈಗ ದೂರ ಹಿಡಿ.

ಹುಡುಗ: ಅತ್ತೆ! ಇವನು ನಮ್ಮ ಕಡೆಯೋನ ಹಾಗಿದ್ದಾನೆ.

ಅತ್ತೆ: ಎಡ ಕಣ್ಣು ಸ್ವಲ್ಪ ಮೇಲೆ ಹೋಗಿದೆ, ಗದ್ದದ ಕೆಳಗೆ ನೆರಳು ಇನ್ನೂ ಬೇಕಿತ್ತು. ಆದರೆ ಇವನು ಎಲ್ಲಿಯವನು ಅಂತ ಯಾರೂ ಕೇಳಲ್ಲ. ಬಟ್ಟಲು ಬೋರಲು ಹಾಕಿ ಮುಚ್ಚಿಡು, ಧೂಳು ಕೂರಬಾರದು. ನಾಲ್ಕು ದಿನ ಮುಟ್ಟಬೇಡ.

ಹುಡುಗ: ನಾನು ಸೋಮವಾರ ಹೊರಡ್ಬೇಕು.

ಅತ್ತೆ: ಇದು ಇಲ್ಲೇ ಇರಲಿ. ಕಮಾಂಡರನ್ನ ತಗೊಂಡು ಹೋಗು, ಬೆಳಗ್ಗೆ ಹೊತ್ತಿಗೆ ಮುಖ ತೊಳ್ಕೊಂಡು ಸಿದ್ಧವಾಗಿರ್ತಾನೆ. ಹೋದ ಮೇಲೆ ಒಂದು ಬೆಳಗ್ಗೆ ಜೆ.ಸಿ. ನಗರದ ಹತ್ತಿರ ಇರೋ ಮೈಸೂರು ಲ್ಯಾನ್ಸರ್ಸ್ ಸ್ಮಾರಕಕ್ಕೆ ಹೋಗಿ ಬಾ.

ಹುಡುಗ: ಖಂಡಿತ. ಈ 'ಫ್ಲೆಶ್' ಬಾಟಲಿ ಏನು ಮಾಡ್ಲಿ, ಎಸೆದುಬಿಡ್ಲಾ?

ಅತ್ತೆ: ಯಾಕೆ ಎಸೀತೀಯ? ನಿನ್ನ ಅಂಗೈ ತಿರುಗಿಸಿ ನೋಡು, ಮೇಲಿನ ಬಣ್ಣವೇ ಇಲ್ಲಿದೆಯಾ? ನಿನ್ನ ಕಮಾಂಡರ್ ಕೈ ಎತ್ತಿ ಹಿಂದಿನ ಟ್ಯಾಂಕನ್ನ ಕರೀತಿದ್ದಾನೆ, ಅವನ ಅಂಗೈ ಎಲ್ಲರಿಗೂ ಕಾಣುತ್ತೆ. ಅಲ್ಲಿಗೆ ಈ ಬಾಟಲಿಯ ಒಂದು ಹನಿ ಬೇಕು. ಓಕರ್ ಬೆರೆಸದೆ ಮಾತ್ರ ಹಚ್ಚಬೇಡ.